ಕೊರಿಯರ್‌ನ ನಾಲ್ಕು ದಿನದಲ್ಲಿ ಲೆನ್ಸಿನೊಳಗೆ ಫಂಗಸ್ ಬೆಳೆಯುತ್ತದೆಯೇ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಮಳೆಗಾಲಕ್ಕೆ ಮಂಡಗದ್ದೆಗೆ ಬರುವ ಬೆಳ್ಳಕ್ಕಿ, ಹಾವಕ್ಕಿಗಳ ಚಿತ್ರ ತೆಗೆಯಬೇಕೆಂದು ನಿಕಾನ್ 200-500 ಲೆನ್ಸ್ ಹುಡುಕುತ್ತಿದ್ದೆ. ಹೊಸದು ನನ್ನ ಕೈಗೆಟುಕುವುದಿಲ್ಲ. ಮರುಮಾರಾಟದ ಆ್ಯಪ್ ಒಂದರಲ್ಲಿ ಬೆಂಗಳೂರಿನವರೊಬ್ಬರ ಜಾಹೀರಾತು ಸಿಕ್ಕಿತು: "ಮಿಂಟ್ ಕಂಡೀಷನ್, ಎರಡೇ ವರ್ಷ ಬಳಕೆ, ಬಿಲ್ ಮತ್ತು ಬಾಕ್ಸ್ ಇದೆ, ಒಂದು ಗೀರೂ ಇಲ್ಲ, ಫಂಗಸ್ ಇಲ್ಲ." ಫೋನಿನಲ್ಲಿ ಮಾತನಾಡಿದಾಗ ಬಹಳ ಸೌಮ್ಯ ಮನುಷ್ಯ ಎನಿಸಿತು. ಫೋಟೊಗಳೂ ಚೆನ್ನಾಗಿದ್ದವು. ಯುಪಿಐನಲ್ಲಿ ಹಣ ಕಳಿಸಿದೆ, ಲೆನ್ಸ್ ಕೊರಿಯರ್‌ನಲ್ಲಿ ತೀರ್ಥಹಳ್ಳಿಗೆ ಬಂತು.

ರಾತ್ರಿ ದೀಪ ಆರಿಸಿ ಹಿಂಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟರೆ, ಒಳಗಿನ ಗಾಜಿನ ಅಂಚಿನಿಂದ ನಡುವಿನವರೆಗೆ ಬಿಳಿ ಎಳೆಗಳು ಕವಲೊಡೆದು ಹರಡಿವೆ. ಧೂಳಲ್ಲ, ಕೂದಲಲ್ಲ. ಮಾರಿದವರಿಗೆ ಫೋಟೊ ಕಳಿಸಿದೆ. "ನಾನು ಕಳಿಸುವಾಗ ಇರಲಿಲ್ಲ, ಕೊರಿಯರ್‌ನವರು ಒದ್ದೆ ಜಾಗದಲ್ಲಿ ಇಟ್ಟಿರಬೇಕು, ನಿಮ್ಮ ಕಡೆ ಮಳೆ ಬೇರೆ" ಎಂದು ಉತ್ತರ ಬಂತು. ಆಮೇಲೆ ಫೋನ್ ಎತ್ತುತ್ತಿಲ್ಲ. ನಾಲ್ಕು ದಿನದಲ್ಲಿ ಇಷ್ಟು ಬೆಳೆಯಲು ಸಾಧ್ಯವೇ? ತಿಳಿದವರು ಹೇಳಿ.

ಕಡಲಕರೆ
ಸಾಧ್ಯವೇ ಇಲ್ಲ. ನಾವು ಉಡುಪಿಯವರು, ಫಂಗಸ್ ಜೊತೆಗೇ ಬಾಳುವವರು. ಕವಲೊಡೆದ ಎಳೆ ಗಾಜಿನ ನಡುವಿನವರೆಗೆ ಬರಬೇಕಾದರೆ ವಾರಗಟ್ಟಲೆ, ಹಲವು ಸಲ ತಿಂಗಳುಗಟ್ಟಲೆ, ಲೆನ್ಸ್ ಚೀಲದೊಳಗೆ ಕತ್ತಲಲ್ಲಿ ತೇವ ಕುಡಿಯುತ್ತಾ ಕೂತಿರಬೇಕು. ಆ ಮನುಷ್ಯ ನಿಮ್ಮ ಊರಿನ ಮಳೆಯ ಮೇಲೆ ತನ್ನ ಕಪಾಟಿನ ಪಾಪ ಹೊರಿಸುತ್ತಿದ್ದಾನೆ.

ಬೆಳಕಿನಬೇಟೆ
ಜಾಹೀರಾತಿನ ಫೋಟೊಗಳನ್ನು ಇಲ್ಲಿ ಹಾಕಿ ಸರ್. ಹಿಂಬದಿಯ ಗಾಜಿನ ಫೋಟೊ ಒಂದಾದರೂ ಇತ್ತೇ?

ತುಂಗಾತೀರ
ಈಗ ನೋಡಿದರೆ ಇಲ್ಲ. ಆರು ಫೋಟೊಗಳಲ್ಲಿ ಎರಡು ಬಾಕ್ಸಿನದು, ಒಂದು ಹುಡ್‌ನದು, ಮೂರು ಲೆನ್ಸನ್ನು ಮೇಜಿನ ಮೇಲೆ ನಿಲ್ಲಿಸಿ ಪಕ್ಕದಿಂದ ತೆಗೆದದ್ದು. ಹಿಂದಿನ ಮುಚ್ಚಳ ಎಲ್ಲದರಲ್ಲೂ ಹಾಕಿಯೇ ಇದೆ.

ಬೆಳಕಿನಬೇಟೆ
ಅಲ್ಲಿಗೆ ಉತ್ತರ ಸಿಕ್ಕಿತು. ಇಂಥವರು ಸುಳ್ಳು ಹೇಳುವುದಕ್ಕಿಂತ ಹೆಚ್ಚಾಗಿ ತೋರಿಸಬೇಕಾದದ್ದನ್ನು ತೋರಿಸುವುದಿಲ್ಲ. ಹೊರಗಿನ ಬಣ್ಣ ಮಿರಮಿರ ಹೊಳೆಯುವ ಫೋಟೊ ಹತ್ತು ಇರುತ್ತವೆ, ಗಾಜಿನೊಳಗೆ ಬೆಳಕು ಹಾಯಿಸಿದ ಒಂದೂ ಇರುವುದಿಲ್ಲ.

ಇನ್ನೊಂದು ಕಳ್ಳದಾರಿ ಇದೆ. ನಿಕಾನ್‌ನ ಜಿ ಮಾದರಿಯ ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿದರೆ ಅಪರ್ಚರ್, ಅಂದರೆ ಬೆಳಕು ಒಳಹೋಗುವ ಕಿಂಡಿ, ಮುಚ್ಚಿಕೊಳ್ಳುತ್ತದೆ. ಹಿಂಬದಿಯಲ್ಲಿ ಒಂದು ಪುಟ್ಟ ಲೋಹದ ಸನ್ನೆ ಇರುತ್ತದೆ, ಅದನ್ನು ಬೆರಳಿನಿಂದ ಸರಿಸಿ ಹಿಡಿದರೆ ಮಾತ್ರ ಪೂರ್ತಿ ತೆರೆಯುತ್ತದೆ. ಸನ್ನೆ ಮುಟ್ಟದೆ ಮುಂಭಾಗದ ಫೋಟೊ ತೆಗೆದರೆ ಅಪರ್ಚರ್ ಎಲೆಗಳ ಹಿಂದಿನ ಗಾಜು ಕಾಣುವುದೇ ಇಲ್ಲ, ಫಂಗಸ್ ಅಲ್ಲಿ ಆರಾಮಾಗಿ ಅಡಗಿರುತ್ತದೆ. ಕ್ಯಾನನ್ ಇಎಫ್ ಲೆನ್ಸ್‌ಗಳು ಬಿಚ್ಚಿದಾಗಲೂ ತೆರೆದೇ ಇರುತ್ತವೆ, ಅಲ್ಲಿ ಈ ಆಟ ನಡೆಯುವುದಿಲ್ಲ. ತುಂಗಾತೀರ ಅವರದು ಇ ಮಾದರಿ, ಸನ್ನೆಯೇ ಇಲ್ಲ, ಈ ಆಟ ಆಡಲಾಗದೆ ಮಾರಿದವನು ಮುಚ್ಚಳ ಹಾಕಿ ಕೈತೊಳೆದುಕೊಂಡಿದ್ದಾನೆ.

ದಾವಣಗೆರೆ_ಸ್ಟುಡಿಯೊ
ಎಲ್ಲರೂ ಸೇರಿ ಮಾರುವವನನ್ನೇ ಬಡಿಯುತ್ತಿದ್ದೀರಿ. ಕೊಳ್ಳುವವರೇನು ಸಾಚಾಗಳೇ? ನಾನು 85 ಎಂಎಂ ಲೆನ್ಸ್ ಒಂದನ್ನು ಮಾರಿದೆ. ಕೊಂಡವನು ಭಾನುವಾರ ಒಂದು ಮದುವೆ ಮುಗಿಸಿಕೊಂಡು ಸೋಮವಾರ "ಫೋಕಸ್ ಸರಿಯಿಲ್ಲ" ಎಂದು ವಾಪಸ್ ತಂದ. ಬಾಡಿಗೆ ಉಳಿಸಿದ, ಅಷ್ಟೇ. ಇನ್ನೊಬ್ಬ ತಾನು ಸೈನ್ಯದಲ್ಲಿದ್ದೇನೆ, ವರ್ಗಾವಣೆಯಾಗಿದೆ, ನೋಡದೆಯೇ ತೆಗೆದುಕೊಳ್ಳುತ್ತೇನೆ ಎಂದು ಕ್ಯೂಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ನಿಮ್ಮ ಖಾತೆಗೆ ಬರುತ್ತದೆ" ಎಂದ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ ಎಂದು ಗೊತ್ತಿದ್ದದ್ದರಿಂದ ಬಚಾವಾದೆ.

ಕಾಫಿತೋಟ
ಅಣ್ಣ, ನೀವು ಸ್ಟುಡಿಯೊದ ಕ್ಯಾಮೆರಾ ಬಾಡಿಗಳನ್ನು ಮಾರುವಾಗ ಶಟರ್ ಕೌಂಟ್, ಅಂದರೆ ಒಟ್ಟು ಎಷ್ಟು ಕ್ಲಿಕ್ ಆಗಿದೆ ಎಂಬ ಲೆಕ್ಕ, ಹೇಳುತ್ತೀರಾ?

ದಾವಣಗೆರೆ_ಸ್ಟುಡಿಯೊ
ಕೇಳಿದರೆ ಹೇಳುತ್ತೇನೆ.

ಕಾಫಿತೋಟ
ಕೇಳದಿದ್ದರೆ?

ದಾವಣಗೆರೆ_ಸ್ಟುಡಿಯೊ
ಕೇಳದಿದ್ದರೆ ನಾನೇಕೆ ಹೇಳಬೇಕು? ಹಣ ಕೊಡುವವನಿಗೆ ಕಣ್ಣು, ಬಾಯಿ ಎರಡೂ ಇವೆ. ಸುಳ್ಳು ಹೇಳಿದರೆ ತಪ್ಪು. ಕೇಳದ್ದನ್ನು ಹೇಳದಿರುವುದು ವ್ಯಾಪಾರ.

ಕಾಫಿತೋಟ
ನಿಮ್ಮ ಸ್ಟುಡಿಯೊದ 5ಡಿ ಮಾರ್ಕ್ 4 ಮೂರು ಲಕ್ಷ ಕ್ಲಿಕ್ ದಾಟಿರುತ್ತದೆ. ಕ್ಯಾನನ್ ಆ ಶಟರಿಗೆ ಹೇಳಿರುವ ಅಂದಾಜು ಆಯುಷ್ಯ ಒಂದೂವರೆ ಲಕ್ಷ. ಹಿಡಿಯ ರಬ್ಬರ್ ಬದಲಿಸಿ, ಒರೆಸಿ, "ನೀಟ್ ಪೀಸ್" ಎಂದು ಹಾಕಿದರೆ ಅದು ವ್ಯಾಪಾರವೇ? ಹೊಸ ರಬ್ಬರ್ ಹಾಕಿದ್ದೇ ಅನುಮಾನ ಬರಬಾರದೆಂದು. ಅಲ್ಲಿ ನೀವು ಬಾಯಿ ಬಿಡದಿದ್ದರೂ ರಬ್ಬರ್ ಸುಳ್ಳು ಹೇಳುತ್ತಿರುತ್ತದೆ.

ದಾವಣಗೆರೆ_ಸ್ಟುಡಿಯೊ
ಒಂದೂವರೆ ಲಕ್ಷ ಎಂದರೆ ಅಲ್ಲಿಗೆ ಸತ್ತೇಹೋಗುತ್ತದೆ ಎಂದಲ್ಲ. ನನ್ನಲ್ಲಿ ಅದರ ಎರಡರಷ್ಟು ಓಡಿದ್ದೂ ಇದೆ, ಅರ್ಧಕ್ಕೇ ಕೈಕೊಟ್ಟದ್ದೂ ಇದೆ. ಸವೆದ ರಬ್ಬರ್ ಅಂಟಂಟಾಗುತ್ತದೆ, ಬದಲಿಸದೆ ಇನ್ನೇನು ಮಾಡಲಿ? ನಿಮ್ಮ ತೋಟದ ಜೀಪ್ ಮಾರುವಾಗ ಬಣ್ಣ ಹೊಡೆಸುವುದಿಲ್ಲವೇ?

ಕಾಫಿತೋಟ
ಹೊಡೆಸುತ್ತೇನೆ. ಆದರೆ ಮೀಟರ್ ಕಾಣುವ ಜಾಗದಲ್ಲೇ ಇರುತ್ತದೆ.

ಹೊಸಬ_ಮೈಸೂರು
ಶಟರ್ ಕೌಂಟ್ ನೋಡುವುದು ಹೇಗೆ? ನಾನೂ ಹಳೆಯ ಬಾಡಿ ಕೊಳ್ಳುವ ಯೋಚನೆಯಲ್ಲಿದ್ದೇನೆ.

ಬೆಳಕಿನಬೇಟೆ
ನಿಕಾನ್ ಆದರೆ ಸುಲಭ. ಪ್ರತಿ ಫೋಟೊದ ಎಕ್ಸಿಫ್ ಮಾಹಿತಿಯೊಳಗೇ, ಅಂದರೆ ಫೈಲಿನಲ್ಲಿ ಅಡಗಿರುವ ಕ್ಯಾಮೆರಾ ವಿವರಗಳಲ್ಲೇ, ಆ ಸಂಖ್ಯೆ ದಾಖಲಾಗಿರುತ್ತದೆ. ತಿದ್ದದ ಒಂದು ಮೂಲ ಜೆಪೆಗ್ ತರಿಸಿಕೊಂಡು ಎಕ್ಸಿಫ್ ತೋರಿಸುವ ಯಾವುದಾದರೂ ತಂತ್ರಾಂಶದಲ್ಲಿ ತೆರೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಅಥವಾ ಇಮೇಲ್‌ನಲ್ಲಿ ಕಳಿಸಲು ಹೇಳಿ. ಕ್ಯಾನನ್ ಬಹುತೇಕ ಮಾದರಿಗಳಲ್ಲಿ ಫೋಟೊದೊಳಗೆ ಸಂಖ್ಯೆ ಇಡುವುದಿಲ್ಲ, ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿ ಬೇರೆ ತಂತ್ರಾಂಶದಿಂದ ಓದಬೇಕು.

ಬೇರೆ ಕ್ಯಾಮೆರಾದಲ್ಲಿ ತೆಗೆದ ಫೋಟೊ ಕಳಿಸಿ ಯಾಮಾರಿಸುವವರೂ ಇದ್ದಾರೆ. ಒಂದು ಕಾಗದದಲ್ಲಿ ನಿಮ್ಮ ಹೆಸರು, ದಿನಾಂಕ ಬರೆದು ಅದೇ ಕ್ಯಾಮೆರಾದಲ್ಲಿ ತೆಗೆದು ಕಳಿಸಲು ಹೇಳಿ. ಎಕ್ಸಿಫ್‌ನಲ್ಲಿರುವ ಸೀರಿಯಲ್ ಸಂಖ್ಯೆಯೂ ಬಾಡಿಯ ತಳದಲ್ಲಿರುವ ಸಂಖ್ಯೆಯೂ ಒಂದೇ ಆಗಿರಬೇಕು.

ನೆಗೆಟಿವ್‌ಡಬ್ಬಿ
ಶಟರ್ ಕೌಂಟ್ ಒಂದನ್ನೇ ಹಿಡಿದುಕೊಂಡು ಕೂತರೆ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಲ್ಲಿ ಮೋಸ ಹೋಗುತ್ತೀರಿ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ತೆಗೆದದ್ದು ಯಾಂತ್ರಿಕ ಶಟರಿನ ಲೆಕ್ಕಕ್ಕೆ ಸೇರುವುದಿಲ್ಲ. ನಿಕಾನ್ ಜ಼ಡ್ 9, ಜ಼ಡ್ 8ರಲ್ಲಂತೂ ಯಾಂತ್ರಿಕ ಶಟರೇ ಇಲ್ಲ.

ವಿಡಿಯೊ ಕಥೆ ಇನ್ನೂ ಸ್ವಾರಸ್ಯ. ಮದುವೆ ವಿಡಿಯೊದವರ ಸೋನಿ ಎ7 3 ಮಾರಾಟಕ್ಕೆ ಬಂದಿತ್ತು. ಕೌಂಟ್ ಬರೀ ಎಂಟು ಸಾವಿರ ಎಂದು ನನ್ನ ತಮ್ಮನ ಮುಖ ಅರಳಿತು. ಕೈಗೆ ತೆಗೆದುಕೊಂಡು ಪಕ್ಕದ ರಬ್ಬರ್ ಬಾಗಿಲು ತೆರೆದರೆ ಮೈಕ್ರೊ ಎಚ್‌ಡಿಎಂಐ ಕಿಂಡಿಯ ಸುತ್ತಲಿನ ಕಪ್ಪು ಬಣ್ಣ ಉಜ್ಜಿ ಲೋಹ ಕಾಣುತ್ತಿತ್ತು, ಕೇಬಲ್ ಸಿಕ್ಕಿಸಿದರೆ ಅಳ್ಳಾಡುತ್ತಿತ್ತು, ಸ್ವಲ್ಪ ವಾಲಿಸಿದರೆ ಮಾನಿಟರ್‌ನಲ್ಲಿ ಚಿತ್ರ ಮಾಯ. ರೆಕಾರ್ಡ್ ಗುಂಡಿಯ ಮೇಲಿನ ಕೆಂಪು ಚುಕ್ಕಿ ಅರ್ಧ ಅಳಿಸಿತ್ತು. ವರಪೂಜೆಯಿಂದ ಆರತಕ್ಷತೆಯವರೆಗೆ ಗಂಟೆಗಟ್ಟಲೆ ಓಡಿದ ಕ್ಯಾಮೆರಾ. ಆ ಗಂಟೆಗಳನ್ನು ಯಾವ ಶಟರ್ ಕೌಂಟೂ ಹೇಳುವುದಿಲ್ಲ. ಮಾರುವವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ ಎಂಬುದನ್ನೂ ಗಮನಿಸಿ.

ದಾವಣಗೆರೆ_ಸ್ಟುಡಿಯೊ
ಇದು ನಿಜ. ಆರ್ಕೆಸ್ಟ್ರಾ, ಡಿಜೆ ಕಾರ್ಯಕ್ರಮಗಳಲ್ಲಿ ಓಡಿದ ಬಾಡಿಯಾದರೆ ಒಳಗೆ ಚಿತ್ರ ಹಿಡಿಯುವ ಸೆನ್ಸರನ್ನೂ ನೋಡಿ. ಲೇಸರ್ ಕಿರಣ ನೇರವಾಗಿ ಬಿದ್ದರೆ ಸೆನ್ಸರಿನ ಮೇಲೆ ಶಾಶ್ವತ ಚುಕ್ಕೆ, ಗೆರೆ ಉಳಿಯುತ್ತದೆ. ಅಪರ್ಚರ್ ಕಿರಿದು ಮಾಡಿ ಎಫ್16ರಲ್ಲಿ ಬರಿಯ ಆಕಾಶದ ಫೋಟೊ ತೆಗೆದರೆ ಧೂಳು ಕಾಣುತ್ತದೆ. ಮುಚ್ಚಳ ಹಾಕಿಕೊಂಡು ಕೆಲವು ಸೆಕೆಂಡ್ ಶಟರ್ ತೆರೆದಿಟ್ಟರೆ ಸುಮ್ಮನೆ ಬೆಳಗುವ ಕೆಟ್ಟ ಚುಕ್ಕೆಗಳು ಕಾಣುತ್ತವೆ. ನೋಡಿ, ಮಾರುವವನೇ ಹೇಳಿಕೊಡುತ್ತಿದ್ದೇನೆ.

ಕಾಫಿತೋಟ
ಕೇಳದೆಯೇ ಹೇಳಿದಿರಲ್ಲ ಅಣ್ಣ, ವ್ಯಾಪಾರ ಕೆಡುತ್ತದೆ.

ದಾವಣಗೆರೆ_ಸ್ಟುಡಿಯೊ
😄

ಹಕ್ಕಿಪುಕ್ಕ
ಮಾದರಿಯ ಹೆಸರಲ್ಲಿ ಆಗುವ ಗೋಲ್‌ಮಾಲ್ ಬಗ್ಗೆ ಯಾರೂ ಹೇಳಲಿಲ್ಲ. "ಕ್ಯಾನನ್ 50 ಎಂಎಂ 1.8" ಎಂದಷ್ಟೇ ಬರೆದು 1990ರ ಕಾಲದ ಎರಡನೇ ಆವೃತ್ತಿಯನ್ನು 2015ರ ಹೊಸ ಎಸ್‌ಟಿಎಂ ಆವೃತ್ತಿಯ ಬೆಲೆಗೆ ತಳ್ಳುತ್ತಾರೆ. ಹಳೆಯದರ ಮೌಂಟ್ (ಕ್ಯಾಮೆರಾಗೆ ಕೂರುವ ಬಳೆ) ಪ್ಲಾಸ್ಟಿಕ್, ಹೊಸದರದು ಲೋಹ. ಹಳೆಯದರಲ್ಲಿ ಅಪರ್ಚರ್ ಎಲೆ ಐದು, ಹೊಸದರಲ್ಲಿ ಏಳು. ಹಿಂಬದಿಯ ಒಂದು ಫೋಟೊ ಕೇಳಿದರೆ ಸಾಕು, ಬಣ್ಣ ಬಯಲಾಗುತ್ತದೆ. 75-300 ಲೆನ್ಸನ್ನು 70-300 ಎಂದು ಬರೆಯುವವರೂ ಇದ್ದಾರೆ. ಕೇಳಿದರೆ "ಟೈಪ್ ಮಾಡುವಾಗ ತಪ್ಪಾಯಿತು" ಎನ್ನುತ್ತಾರೆ. ಬೆಲೆ ಟೈಪ್ ಮಾಡುವಾಗ ಮಾತ್ರ ಯಾರಿಗೂ ಕೈತಪ್ಪುವುದಿಲ್ಲ!

ಹೊಸಬ_ಮೈಸೂರು
ಅಯ್ಯೋ, ನಾನು ನಿಕಾನ್ ಡಿ5600ಕ್ಕೆ 50 ಎಂಎಂ 1.8ಡಿ ನೋಡಿಟ್ಟಿದ್ದೇನೆ. ಎಲ್ಲ ನಿಕಾನ್‌ಗೂ ಆಗುತ್ತದೆ ಎಂದು ಬರೆದಿದ್ದಾರೆ.

ಹಕ್ಕಿಪುಕ್ಕ
ಕೂರುತ್ತದೆ, ಆದರೆ ಆಟೊಫೋಕಸ್ ಆಗುವುದಿಲ್ಲ. ಆ 1.8ಡಿ ಲೆನ್ಸಿನಲ್ಲಿ ಫೋಕಸ್ ಮೋಟಾರ್ ಇಲ್ಲ, ಡಿ3000, ಡಿ5000 ಸಾಲಿನ ಬಾಡಿಗಳಲ್ಲೂ ಇಲ್ಲ. ಡಿ7000 ಸಾಲು ಬೇಕು. ಇಲ್ಲವಾದರೆ 50 ಎಂಎಂ 1.8ಜಿ ತೆಗೆದುಕೊಳ್ಳಿ.

ಹೊಸಬ_ಮೈಸೂರು
ಬಹಳ ಉಪಕಾರವಾಯಿತು. ಮುಂಗಡ ಕೊಡುವವನಿದ್ದೆ.

ನೆಗೆಟಿವ್‌ಡಬ್ಬಿ
ಹಳೆಯ ನಿಕಾನ್ ಡಿ600 ಅಗ್ಗವಾಗಿ ಸಿಕ್ಕಿದರೂ ಒಂದು ಪ್ರಶ್ನೆ ಕೇಳಿ. 2012ರಲ್ಲಿ ಬಂದ ಆ ಮಾದರಿಯಲ್ಲಿ ಸೆನ್ಸರಿನ ಮೇಲೆ ಕಲೆ ಬೀಳುವ ದೂರು ಎಷ್ಟಾಯಿತೆಂದರೆ 2013ರಲ್ಲಿ ಡಿ610 ಬಂತು, 2014ರಲ್ಲಿ ನಿಕಾನ್ ಉಚಿತವಾಗಿ ಶಟರ್ ಬದಲಿಸಿಕೊಡಲು ಒಪ್ಪಿತು. ಬದಲಿಸಿದ ಬಾಡಿಯೋ ಅಲ್ಲವೋ ಎಂದು ಕೇಳಿ. ಮರುವರ್ಷ ಡಿ750ಕ್ಕೂ ಸರ್ವಿಸ್ ಪ್ರಕಟಣೆ ಬಂದಿತ್ತು.

ಅಟ್ಲಾಂಟಾ_ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಕೆಇಎಚ್, ಎಂಪಿಬಿಯಂಥ ಹಳೆಯ ಕ್ಯಾಮೆರಾ ವ್ಯಾಪಾರಿಗಳು ಪ್ರತಿ ವಸ್ತುವನ್ನೂ ಪರೀಕ್ಷಿಸಿ, ದರ್ಜೆ ಹಾಕಿ, ಆರು ತಿಂಗಳ ವಾರಂಟಿ ಕೊಟ್ಟು ಮಾರುತ್ತಾರೆ. ಅಪರಿಚಿತ ವ್ಯಕ್ತಿಯಿಂದ ಕೊಳ್ಳುವುದಕ್ಕಿಂತ ಸ್ವಲ್ಪ ಹೆಚ್ಚು ಬೆಲೆ, ಆದರೆ ನಿದ್ದೆ ಬರುತ್ತದೆ. ಅಲ್ಲಿ ಅಂಥ ವ್ಯವಸ್ಥೆ ಬಂದಿಲ್ಲವೇ?

ಕಡಲಕರೆ
ಬಂದಿದೆ, ಆದರೆ ಎಲ್ಲವೂ ಮಹಾನಗರಗಳಲ್ಲೇ. ತೀರ್ಥಹಳ್ಳಿಯವನಿಗೂ ಕುಂದಾಪುರದವನಿಗೂ ಆ್ಯಪ್ ಮತ್ತು ಕೊರಿಯರ್ ಅಷ್ಟೇ ಗತಿ. ನೀವು ಊರಿಗೆ ಬರುವಾಗ ಎರಡು ಲೆನ್ಸ್ ತನ್ನಿ, ಮಾತನಾಡೋಣ.

ಗೌರಿ_ಧಾರವಾಡ
ತುಂಗಾತೀರ ಅವರೇ, ಎಲ್ಲರೂ ಊರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಾರೆ, ನಿಮ್ಮ ವಿಷಯಕ್ಕೆ ಬರೋಣ. ಬಿಲ್ ಇದೆ ಎಂದಿರಿ. ಬಿಲ್‌ನಲ್ಲಿರುವ ಸೀರಿಯಲ್ ಸಂಖ್ಯೆ, ಬಾಕ್ಸಿನ ಮೇಲಿನದು, ಲೆನ್ಸಿನ ಮೇಲಿನದು ಮೂರೂ ಒಂದೇ ಇವೆಯೇ? ಸಂಖ್ಯೆಯನ್ನು ಇಲ್ಲಿ ಬರೆಯಬೇಡಿ, ಹೌದು ಅಥವಾ ಇಲ್ಲ ಎನ್ನಿ ಸಾಕು.

ತುಂಗಾತೀರ
ಮೇಡಂ, ಈಗ ನೋಡಿದೆ. ಬಾಕ್ಸ್ ಮತ್ತು ಬಿಲ್ ಹೊಂದುತ್ತವೆ. ಲೆನ್ಸಿನ ಮೇಲಿನ ಸಂಖ್ಯೆ ಬೇರೆ.

ಬೆಳಕಿನಬೇಟೆ
ಅಯ್ಯಪ್ಪಾ.

ಹಕ್ಕಿಪುಕ್ಕ
ಒಳ್ಳೆಯ ಲೆನ್ಸಿನ ಬಾಕ್ಸಿನಲ್ಲಿ ಕೆಟ್ಟ ಲೆನ್ಸ್! ಬಹುಶಃ ಅವನ ಬಳಿ ಎರಡು ಇವೆ.

ಕಡಲಕರೆ
ಅಥವಾ ಕದ್ದ ಮಾಲು.

ಗೌರಿ_ಧಾರವಾಡ
ಊಹೆ ಬೇಡ. ನಾನು ವಕೀಲಿ ಮಾಡುವವಳು, ಸ್ಥೂಲವಾಗಿ ಹೇಳುತ್ತೇನೆ, ನಿಮ್ಮ ಊರಿನ ವಕೀಲರ ಬಳಿಯೂ ಒಮ್ಮೆ ಮಾತನಾಡಿ.

ಸರಕು ಜಾಹೀರಾತಿನ ವರ್ಣನೆಗೆ ತಕ್ಕಂತಿಲ್ಲ ಎಂಬುದು ಒಂದು ತಕರಾರು. ಉದ್ದೇಶಪೂರ್ವಕವಾಗಿ ವಂಚಿಸಿ ಹಣ ಪಡೆದರೆ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆ. ಹಿಂದೆ ಎಲ್ಲರ ಬಾಯಲ್ಲೂ ಇದ್ದ 420 ಈಗ ಅಲ್ಲಿದೆ, 2024ರ ಜುಲೈ 1ರಿಂದ. "ಫಂಗಸ್ ಇಲ್ಲ" ಎಂದು ಅವನೇ ಬರೆದಿದ್ದಾನೆ, ಅದು ನಿಮಗೆ ಬಲ. ಜಾಹೀರಾತು ಇನ್ನೂ ಇದ್ದರೆ ಈಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ, ನಾಳೆ ಇರುವುದಿಲ್ಲ. ಮಾತುಕತೆ, ಯುಪಿಐ ರಸೀದಿ, ಕೊರಿಯರ್ ಚೀಟಿ ಎಲ್ಲವೂ ಬೇಕು. ಆನ್‌ಲೈನ್ ಹಣಕಾಸು ವಂಚನೆಗೆ 1930 ಸಹಾಯವಾಣಿ ಇದೆ, ಅಲ್ಲಿ ಬೇಗ ಕರೆ ಮಾಡಿದಷ್ಟೂ ಒಳ್ಳೆಯದು.

ಕದ್ದ ಮಾಲಿನ ಮಾತು. ಕದ್ದದ್ದೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಇಟ್ಟುಕೊಂಡರೆ 317ನೇ ಕಲಮಿನಲ್ಲಿ ಅಪರಾಧ. ಸಂಖ್ಯೆ ಹೊಂದುವುದಿಲ್ಲ ಎಂದು ಇಂದು ನಿಮಗೆ ತಿಳಿದಿದೆ. ಆದ್ದರಿಂದ ಈ ಲೆನ್ಸನ್ನು ಇನ್ನೊಬ್ಬರಿಗೆ ಮಾರಿ ಕೈತೊಳೆದುಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಇನ್ನು ಗ್ರಾಹಕ ಆಯೋಗ. ಮಾರಿದವರು ತಮ್ಮ ಒಂದು ಹಳೆಯ ಲೆನ್ಸ್ ಮಾರಿದ ಸಾಮಾನ್ಯ ವ್ಯಕ್ತಿಯಾದರೆ ಅಲ್ಲಿ ದಾವೆ ನಿಲ್ಲುವುದು ಕಷ್ಟ. ಅದನ್ನೇ ವ್ಯಾಪಾರ ಮಾಡಿಕೊಂಡವರಾದರೆ ಮಾತು ಬೇರೆ. 2019ರ ಕಾಯ್ದೆಯಂತೆ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಆ ಪ್ರೊಫೈಲ್‌ನಲ್ಲಿ ಬೇರೆ ಏನೇನು ಮಾರಾಟಕ್ಕಿದೆ ನೋಡಿ.

ತುಂಗಾತೀರ
ನೋಡಿದೆ ಮೇಡಂ. ಹದಿನಾಲ್ಕು ಜಾಹೀರಾತುಗಳು. ಮೂರು 70-200, ನಾಲ್ಕೈದು ಬಾಡಿಗಳು, ಒಂದು ಡ್ರೋನ್. ಎಲ್ಲದರಲ್ಲೂ "ಎರಡೇ ವರ್ಷ ಬಳಕೆ, ಸ್ವಂತ ಉಪಯೋಗ." ಎಲ್ಲ ಫೋಟೊಗಳಲ್ಲೂ ಅದೇ ಮೇಜು.

ಕಾಫಿತೋಟ
ಎಷ್ಟು ಕೈಗಳಿವೆ ಅವನಿಗೆ?

ದಾವಣಗೆರೆ_ಸ್ಟುಡಿಯೊ
ಇದು ನಾನು ಹೇಳಿದ ವ್ಯಾಪಾರ ಅಲ್ಲ. ಅಂಗಡಿ ಎಂದು ಬೋರ್ಡ್ ಹಾಕಿದರೆ ಗಿರಾಕಿ ಜಾಗ್ರತೆಯಿಂದ ಬರುತ್ತಾನೆ, ಲೆಕ್ಕಾಚಾರ ಮಾಡುತ್ತಾನೆ. ಮನೆಯವನಂತೆ ನಟಿಸಿ, ಸ್ವಂತದ್ದು ಎಂದು ಮಾರುವುದು ನಮ್ಮಂಥವರ ಹೆಸರಿಗೂ ಮಸಿ. ಮೇಡಂ ಹೇಳಿದಂತೆ ಮಾಡಿ ಸರ್. ಬೇಕಾದರೆ ಬೆಂಗಳೂರಿನಲ್ಲಿ ನನ್ನ ಹುಡುಗರಿದ್ದಾರೆ, ಗಿರಾಕಿಯ ಹಾಗೆ ಹೋಗಿ ನೋಡಿಕೊಂಡು ಬರುತ್ತಾರೆ.

ನಿರ್ವಾಹಕ
ಮಾರಾಟಗಾರರ ಹೆಸರು, ಫೋನ್ ಸಂಖ್ಯೆ, ಪ್ರೊಫೈಲ್ ಕೊಂಡಿ ಯಾರೂ ಹಾಕಬೇಡಿ. ಹುಡುಗರನ್ನು ಕಳಿಸುವ ಮಾತೂ ಇಲ್ಲಿ ಬೇಡ. ಪೊಲೀಸರು ಮತ್ತು ಆಯೋಗ ಇವೆ.

ದಾವಣಗೆರೆ_ಸ್ಟುಡಿಯೊ
ಬರೀ ನೋಡಿಕೊಂಡು ಬರಲು ಎಂದೆ ಸ್ವಾಮಿ.

ನೆಗೆಟಿವ್‌ಡಬ್ಬಿ
ಅಷ್ಟರಲ್ಲಿ ಒಂದು ವಿಷಯ, ಆ ಲೆನ್ಸನ್ನು ನಿಮ್ಮ ಬೇರೆ ಲೆನ್ಸ್‌ಗಳ ಜೊತೆ ಒಂದೇ ಚೀಲದಲ್ಲಿ ಇಡಬೇಡಿ, ಹಬ್ಬುತ್ತದೆ.

ಕಡಲಕರೆ
ಇದು ಮೂಢನಂಬಿಕೆ. ಫಂಗಸ್ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ, ನಿಮ್ಮ ಹೊಸ ಲೆನ್ಸಿನೊಳಗೂ ಇವೆ. ತೇವ ಸಿಕ್ಕಿದರೆ ಮೊಳೆಯುತ್ತವೆ, ಇಲ್ಲದಿದ್ದರೆ ಸುಮ್ಮನಿರುತ್ತವೆ. ಆರ್ದ್ರತೆ ಶೇಕಡ 40ರಿಂದ 50ರೊಳಗೆ ಇಟ್ಟರೆ ಅಕ್ಕಪಕ್ಕ ಇಟ್ಟರೂ ಏನಾಗುವುದಿಲ್ಲ.

ನೆಗೆಟಿವ್‌ಡಬ್ಬಿ
ಮೊಳೆತದ್ದರ ಪಕ್ಕದಲ್ಲಿ ಬೀಜಕಣ ಹೆಚ್ಚಿರುತ್ತದೆ ಎಂಬುದು ಸಾಮಾನ್ಯ ಜ್ಞಾನ. ತೀರ್ಥಹಳ್ಳಿಯ ಜುಲೈನಲ್ಲಿ ಡ್ರೈ ಕ್ಯಾಬಿನೆಟ್ ಇಲ್ಲದವನಿಗೆ ನಿಮ್ಮ ಶೇಕಡ 40 ಎಲ್ಲಿಂದ ಬರಬೇಕು?

ಕಡಲಕರೆ
ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಚಿಕ್ಕ ಆರ್ದ್ರತಾ ಮಾಪಕ. ಜೆಲ್‌ನ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಹುರಿದರೆ ಮತ್ತೆ ಸಿದ್ಧ. ನಮ್ಮ ಮನೆಯಲ್ಲಿ ಹೀಗೇ ನಡೆದಿದೆ.

ಕಾಫಿತೋಟ
ಹುರಿದ ಬಾಣಲೆಯಲ್ಲಿ ಅಡುಗೆ ಮಾಡಬೇಡಿ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದು ತರಿಸಿಕೊಳ್ಳಿ.

ಹೊಸಬ_ಮೈಸೂರು
ಫಂಗಸ್ ತೆಗೆಸಿದರೆ ಲೆನ್ಸ್ ಮೊದಲಿನಂತಾಗುತ್ತದೆಯೇ?

ಬೆಳಕಿನಬೇಟೆ
ಹೊಸದಾಗಿ ಬಂದದ್ದಾದರೆ ಬಿಚ್ಚಿ ಒರೆಸಿದರೆ ಹೋಗುತ್ತದೆ. ಬಹಳ ಕಾಲ ಕೂತಿದ್ದರೆ ಗಾಜಿನ ಮೇಲಿನ ಲೇಪನವನ್ನೇ ತಿಂದಿರುತ್ತದೆ, ಒರೆಸಿದ ಮೇಲೂ ಎಳೆಯ ಗುರುತು ಉಳಿಯುತ್ತದೆ. ಎದುರು ಬೆಳಕಿನಲ್ಲಿ ತೆಗೆದರೆ ಚಿತ್ರ ಮಂಕಾಗುತ್ತದೆ. ಆದರೆ ತುಂಗಾತೀರ ಅವರು ಈಗ ಬಿಚ್ಚಿಸಲೇಬಾರದು. ಬಿಚ್ಚಿಸಿದರೆ ಸಾಕ್ಷಿಯೂ ಹೋಯಿತು, "ನೀವೇ ಹಾಳು ಮಾಡಿದಿರಿ" ಎನ್ನಲು ಅವನಿಗೆ ದಾರಿಯೂ ಆಯಿತು. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಪರೀಕ್ಷೆ ಮಾತ್ರ ಮಾಡಿಸಿ, ಬರಹದಲ್ಲಿ ವರದಿ ಪಡೆಯಿರಿ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಮೇಡಂ ಹೇಳಿದಂತೆ ಅವರಿಗೆ ಒಂದು ಸಂದೇಶ ಕಳಿಸಿದೆ: ಸೀರಿಯಲ್ ಸಂಖ್ಯೆ ಹೊಂದುತ್ತಿಲ್ಲ, ಹದಿನಾಲ್ಕು ಜಾಹೀರಾತುಗಳ ಸ್ಕ್ರೀನ್‌ಶಾಟ್ ನನ್ನಲ್ಲಿದೆ, ಶಿವಮೊಗ್ಗದ ಆಯೋಗಕ್ಕೆ ದೂರು ಕೊಡುತ್ತಿದ್ದೇನೆ ಎಂದು. ಇಷ್ಟು ದಿನ ಎತ್ತದ ಫೋನು ಅವರಿಂದಲೇ ಬಂತು. "ಅಯ್ಯೋ ಸರ್, ಪ್ಯಾಕ್ ಮಾಡುವ ಹುಡುಗ ಅದಲು ಬದಲು ಮಾಡಿದ್ದಾನೆ, ಲೆನ್ಸ್ ವಾಪಸ್ ಕಳಿಸಿ, ತಲುಪಿದ ತಕ್ಷಣ ಹಣ ಹಾಕುತ್ತೇನೆ" ಎನ್ನುತ್ತಾರೆ. ಕಳಿಸಲೇ?

ಹಕ್ಕಿಪುಕ್ಕ
ಸ್ವಂತ ಉಪಯೋಗದ ಲೆನ್ಸಿಗೆ ಪ್ಯಾಕ್ ಮಾಡುವ ಹುಡುಗ ಬೇರೆ!

ಗೌರಿ_ಧಾರವಾಡ
ಆ ಮಾತನ್ನು ಬರಹದಲ್ಲಿ ಹೇಳಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದನ್ನು ನಾಳೆ ಇಲ್ಲವೆನ್ನಬಹುದು. ಮೊದಲು ಹಣ, ಆಮೇಲೆ ಲೆನ್ಸ್. ಪೂರ್ತಿ ಹಣ ಹಾಕಲು ಒಪ್ಪದಿದ್ದರೆ ನೀವೇ ತೆಗೆದುಕೊಂಡು ಹೋಗಿ ಕೈಗೆ ಕೊಟ್ಟು, ಅಲ್ಲೇ ಹಣ ಪಡೆಯಿರಿ. ಒಬ್ಬರೇ ಹೋಗಬೇಡಿ.

ದಾವಣಗೆರೆ_ಸ್ಟುಡಿಯೊ
ಕೊರಿಯರ್‌ನಲ್ಲೇ ಕಳಿಸುವುದಾದರೆ ಲೆನ್ಸಿನ ಮೇಲಿನ ಸಂಖ್ಯೆ ಕಾಣುವಂತೆ ಹಿಡಿದು, ಡಬ್ಬಿಗೆ ಹಾಕಿ, ಟೇಪ್ ಸುತ್ತಿ, ಕೊರಿಯರ್ ಕೌಂಟರ್‌ನಲ್ಲಿ ತೂಕ ಹಾಕಿಸುವವರೆಗೆ ಎಲ್ಲೂ ನಿಲ್ಲಿಸದೆ ವಿಡಿಯೊ ಮಾಡಿ. ಇಲ್ಲದಿದ್ದರೆ ಡಬ್ಬಿಯಲ್ಲಿ ಇಟ್ಟಿಗೆ ಬಂತು ಎನ್ನುತ್ತಾನೆ. ನನಗೆ ಹಾಗೆ ಹೇಳಿದವರಿದ್ದಾರೆ.

ತುಂಗಾತೀರ
ಶನಿವಾರ ಭಾವನವರ ಜೊತೆ ಬೆಂಗಳೂರಿಗೆ ಹೊರಟಿದ್ದೇನೆ. ಮೆಜೆಸ್ಟಿಕ್ ಮೆಟ್ರೊ ನಿಲ್ದಾಣಕ್ಕೆ ಬರಲು ಒಪ್ಪಿದ್ದಾರೆ, ವಾಟ್ಸ್‌ಆ್ಯಪ್‌ನಲ್ಲಿ ಬರೆದೂ ಕೊಟ್ಟಿದ್ದಾರೆ. ಏನಾಯಿತೆಂದು ಬಂದು ತಿಳಿಸುತ್ತೇನೆ.

ಹೊಸಬ_ಮೈಸೂರು
ಸರ್, ಹೇಗೂ ಬೆಂಗಳೂರಿಗೆ ಹೋಗುತ್ತಿದ್ದೀರಲ್ಲ, 50 ಎಂಎಂ 1.8ಜಿ ಒಂದು ಮಲ್ಲೇಶ್ವರದಲ್ಲಿ ಮಾರಾಟಕ್ಕಿದೆ, ನನಗಾಗಿ ಸ್ವಲ್ಪ ಟಾರ್ಚ್ ಬಿಟ್ಟು ನೋಡಲು ಆಗುತ್ತದೆಯೇ?